ಕೋಚ್ ಹತ್ರ ದುಡ್ಡಿಲ್ಲ, ಮಾತಿಗೆ ತೂಕವಿದೆ: ಅಮೆರಿಕದ ಸಣ್ಣ ಕಾಲೇಜುಗಳು ಆಟಗಾರರನ್ನು ಹೇಗೆ ಆರಿಸುತ್ತವೆ

ಅಮೆರಿಕದಲ್ಲಿ ನೆಲೆಸಿದ ಕನ್ನಡ ಮನೆಗಳಲ್ಲಿ ಈಜು, ಟೆನಿಸ್, ಓಟ ಅಂತ ಬೆಳೆದ ಮಕ್ಕಳು ಈಗ ಹೈಸ್ಕೂಲಿಗೆ ಬಂದಿದ್ದಾರೆ. ಬೆಳಗಿನ ಜಾವ ಎದ್ದು ಪೂಲಿಗೆ ಕರ್ಕೊಂಡು ಹೋದ ಅಪ್ಪ ಅಮ್ಮನಿಗೆ ಒಂದು ಪ್ರಶ್ನೆ ಇದ್ದೇ ಇರುತ್ತದೆ: ಇಷ್ಟೆಲ್ಲ ಮಾಡಿದ್ದಕ್ಕೆ ಕಾಲೇಜಿಗೆ ಏನಾದರೂ ಉಪಯೋಗ ಆಗುತ್ತಾ? ಬೆಂಗಳೂರಿನಿಂದ ಮಕ್ಕಳನ್ನು ಅಲ್ಲಿಗೆ ಓದಲು ಕಳಿಸುವವರೂ ಇದನ್ನೇ ಕೇಳುತ್ತಾರೆ. ಸಿಗುವ ಉತ್ತರ ಸಾಮಾನ್ಯವಾಗಿ ಎರಡೇ. ‘ಫುಲ್ ಸ್ಕಾಲರ್‌ಶಿಪ್ ಸಿಗುತ್ತಂತೆ’ ಅನ್ನುವುದು ಒಂದು. ‘ಅದೆಲ್ಲ ಒಲಿಂಪಿಕ್ಸ್‌ಗೆ ಹೋಗುವವರಿಗೆ ಮಾತ್ರ’ ಅನ್ನುವುದು ಇನ್ನೊಂದು.

ಬಹುಪಾಲು ಮಕ್ಕಳ ಮಟ್ಟಿಗೆ ಎರಡೂ ನಿಜ ಅಲ್ಲ. ಅವರಿಗೆ ದಾರಿ ಇರುವುದು ಸಣ್ಣ ಕಾಲೇಜುಗಳಲ್ಲಿ, ಅಲ್ಲಿನ ಲೆಕ್ಕವೇ ಬೇರೆ.

ಈಗಲೇ ಯಾಕೆ ಈ ಮಾತು

2025ರ ಜೂನ್ 6ರಂದು ಅಮೆರಿಕದ ಫೆಡರಲ್ ಕೋರ್ಟ್ ಒಂದು ದೊಡ್ಡ ಒಪ್ಪಂದಕ್ಕೆ ಮುದ್ರೆ ಒತ್ತಿತು. ‘ಹೌಸ್’ ಕೇಸ್ ಅಂತ ಅದಕ್ಕೆ ಹೆಸರು. ದೊಡ್ಡ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು ಎಂದಾಯಿತು. ಅದರ ಜೊತೆಗೆ ಬಂದ ಇನ್ನೊಂದು ಬದಲಾವಣೆ ಪತ್ರಿಕೆಗಳಲ್ಲಿ ಅಷ್ಟು ಸದ್ದು ಮಾಡಲಿಲ್ಲ. ಸ್ಕಾಲರ್‌ಶಿಪ್‌ಗಳಿಗೆ ಇದ್ದ ಮಿತಿ ಹೋಗಿ, ತಂಡದಲ್ಲಿ ಎಷ್ಟು ಜನ ಇರಬಹುದು ಎಂಬುದಕ್ಕೇ ಮಿತಿ ಬಂತು. ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಅಮೆರಿಕನ್ ಫುಟ್‌ಬಾಲ್‌ಗೆ 105, ಕ್ರಾಸ್ ಕಂಟ್ರಿ ಓಟಕ್ಕೆ 17. ಮೊದಲು ಸ್ಕಾಲರ್‌ಶಿಪ್ ಇಲ್ಲದಿದ್ದರೂ ‘ವಾಕ್ ಆನ್’ ಅಂತ ತಂಡದ ಕೊನೆಯಲ್ಲಿ ಸೇರಿಕೊಳ್ಳುತ್ತಿದ್ದ ಮಕ್ಕಳಿಗೆ ಜಾಗ ಕಡಿಮೆಯಾಯಿತು. ಅದರ ಮೇಲೆ, ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹಾರುವ ಆಟಗಾರರಿಗೆ ‘ಟ್ರಾನ್ಸ್‌ಫರ್ ಪೋರ್ಟಲ್’ ಎಂಬ ಆನ್‌ಲೈನ್ ಪಟ್ಟಿ ಇದೆ. 20 ದಾಟಿದ, ಎರಡು ವರ್ಷ ಆಡಿದ ಅನುಭವ ಇರುವವನು ಸಿಗುವಾಗ 17ರ ಹುಡುಗನನ್ನು ಯಾಕೆ ತಗೋಬೇಕು ಅಂತ ದೊಡ್ಡ ಕೋಚ್‌ಗಳು ಯೋಚಿಸುತ್ತಾರೆ.

ಹಾಗಾಗಿ ‘ಸ್ವಲ್ಪ ಕೆಳಗಿನ ಡಿವಿಷನ್’ ನೋಡುವ ಮನೆಗಳು ಜಾಸ್ತಿಯಾಗಿವೆ. ಆದರೆ ಕೆಳಗಿನದು ಅನ್ನುವ ಮಾತೇ ದಾರಿ ತಪ್ಪಿಸುತ್ತದೆ.

ಯಾವುದು ಯಾವ ಡಿವಿಷನ್

ಕಾಲೇಜು ಕ್ರೀಡೆಯ ದೊಡ್ಡ ಸಂಸ್ಥೆ ಎನ್‌ಸಿಎಎ. 1973ರಿಂದ ಅದರಲ್ಲಿ ಮೂರು ಡಿವಿಷನ್‌ಗಳಿವೆ. ಡಿ1 ಅಂದರೆ ಟಿವಿಯಲ್ಲಿ ಕಾಣುವ ದೊಡ್ಡ ವಿಶ್ವವಿದ್ಯಾಲಯಗಳು. ಭಾರತದಿಂದ ಹೋದ ಸೋಮದೇವ್ ದೇವವರ್ಮನ್ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಆಡಿ 2007, 2008ರಲ್ಲಿ ಸಿಂಗಲ್ಸ್ ಪ್ರಶಸ್ತಿ ಗೆದ್ದಿದ್ದು ಇದೇ ಮಟ್ಟದಲ್ಲಿ.

ಡಿ2 ಮಧ್ಯದ್ದು. ಇಲ್ಲಿ ಸ್ಕಾಲರ್‌ಶಿಪ್ ಇದೆ, ಆದರೆ ಹಂಚಿ ಕೊಡುತ್ತಾರೆ. ಗಂಡುಮಕ್ಕಳ ಟೆನಿಸ್‌ಗೆ ಡಿ2 ಕಾಲೇಜು ಹೆಚ್ಚೆಂದರೆ 4.5 ಪೂರ್ತಿ ಸ್ಕಾಲರ್‌ಶಿಪ್‌ಗಳಷ್ಟು ಹಣ ಕೊಡಬಹುದು. ತಂಡದಲ್ಲಿ ಎಂಟೊಂಬತ್ತು ಜನ ಇದ್ದರೆ ತಲಾ ಎಷ್ಟು ಬರುತ್ತದೆ, ನೀವೇ ಲೆಕ್ಕ ಹಾಕಿ. ಅದೂ ಕಾಲೇಜು ಅಷ್ಟೂ ಹಣ ತೆಗೆದಿಟ್ಟರೆ ಮಾತ್ರ.

ಡಿ3ರಲ್ಲಿ ಸುಮಾರು 430 ಕಾಲೇಜುಗಳಿವೆ. ಮೂರು ಡಿವಿಷನ್‌ಗಳಲ್ಲಿ ಇದೇ ದೊಡ್ಡದು. ಇಲ್ಲಿ ಆಟಕ್ಕಾಗಿ ಒಂದು ಡಾಲರ್ ಕೂಡ ಸ್ಕಾಲರ್‌ಶಿಪ್ ಇಲ್ಲ. ಇವಲ್ಲದೆ ಎನ್‌ಎಐಎ ಅನ್ನುವ ಬೇರೆ ಸಂಸ್ಥೆ ಇದೆ. ಅದರಲ್ಲಿ 200ಕ್ಕೂ ಹೆಚ್ಚು ಕಾಲೇಜುಗಳಿದ್ದು, ಹೆಚ್ಚಿನವು ಸಣ್ಣ ಖಾಸಗಿ ಕಾಲೇಜುಗಳು. ಅಲ್ಲಿ ಆಟದ ಸ್ಕಾಲರ್‌ಶಿಪ್ ಉಂಟು, ನಿಯಮಗಳೂ ಸ್ವಲ್ಪ ಸಡಿಲ. ಎರಡು ವರ್ಷದ ಜೂನಿಯರ್ ಕಾಲೇಜುಗಳಿಗೆ ಎನ್‌ಜೆಸಿಎಎ ಇದೆ.

ಡಿ3 ಅಂದರೆ ಮೂರನೇ ದರ್ಜೆ ಅಂದುಕೊಳ್ಳಬೇಡಿ. ಎಂಐಟಿ, ಕ್ಯಾಲ್‌ಟೆಕ್, ವಿಲಿಯಮ್ಸ್, ಆಮ್ಹರ್ಸ್ಟ್, ಶಿಕಾಗೊ ವಿಶ್ವವಿದ್ಯಾಲಯ ಎಲ್ಲವೂ ಡಿ3. ಈ ಶಿಕಾಗೊ ಒಂದು ಕಾಲದಲ್ಲಿ ದೇಶದ ದೊಡ್ಡ ಅಮೆರಿಕನ್ ಫುಟ್‌ಬಾಲ್ ತಂಡಗಳಲ್ಲಿ ಒಂದಾಗಿತ್ತು. ಆ ಆಟದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿಯ ಮೊದಲ ವಿಜೇತ (1935) ಅಲ್ಲಿಯವನೇ. 1939ರಲ್ಲಿ ಅವರೇ ಫುಟ್‌ಬಾಲ್ ಬೇಡ ಅಂತ ಕೈಬಿಟ್ಟರು. ಆಟದ ಮಟ್ಟ ಬೇಕಿದ್ದರೆ ಒಹಾಯೊ ರಾಜ್ಯದ ಕೆನ್ಯನ್ ಕಾಲೇಜು ನೋಡಿ. ಅಲ್ಲಿನ ಗಂಡುಮಕ್ಕಳ ಈಜು ತಂಡ 1980ರಿಂದ 2010ರವರೆಗೆ ಸತತ 31 ವರ್ಷ ಡಿ3 ಚಾಂಪಿಯನ್ ಆಗಿತ್ತು. 2011ರಲ್ಲಿ ಅದೇ ರಾಜ್ಯದ ಡೆನಿಸನ್ ವಿಶ್ವವಿದ್ಯಾಲಯ ಒಂದೇ ಒಂದು ಪಾಯಿಂಟ್‌ನಿಂದ ಅದನ್ನು ಸೋಲಿಸಿತು. ಇಂಥ ಕಡೆ ‘ಸುಮ್ನೆ ಆಡೋಣ’ ಅಂತ ಹೋದರೆ ಪೂಲಿನ ಹತ್ತಿರ ಕೂಡ ಬಿಡುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮವರು ಜಾಸ್ತಿ ಆಡುವ ಬ್ಯಾಡ್ಮಿಂಟನ್ ಮತ್ತು ಕ್ರಿಕೆಟ್‌ಗೆ ಎನ್‌ಸಿಎಎ ಚಾಂಪಿಯನ್‌ಶಿಪ್ ಇಲ್ಲ. ಅವುಗಳಿಗೆ ಕ್ಲಬ್ ತಂಡಗಳಿರಬಹುದು, ಆದರೆ ಈ ಲೇಖನದಲ್ಲಿ ಹೇಳುವ ರಿಕ್ರೂಟಿಂಗ್ (ಕೋಚ್ ತಂಡಕ್ಕೆ ಆಟಗಾರರನ್ನು ಹುಡುಕಿ ಆರಿಸುವುದು) ಅಲ್ಲಿ ನಡೆಯುವುದಿಲ್ಲ. ಸ್ಕ್ವಾಷ್ ಮಾತ್ರ ವಿಶೇಷ. ಅದನ್ನು ಬೇರೆಯೇ ಸಂಘ ನಡೆಸುತ್ತದೆ. ಕನೆಕ್ಟಿಕಟ್‌ನ ಟ್ರಿನಿಟಿ ಎಂಬ ಸಣ್ಣ ಕಾಲೇಜು 1998ರಿಂದ 2012ರವರೆಗೆ ಸತತ 252 ಪಂದ್ಯ ಗೆದ್ದಿತು. ಆ ತಂಡಗಳಲ್ಲಿ ಭಾರತದಿಂದ ಹೋದ ಹುಡುಗರೂ ಇದ್ದರು.

ಸ್ಕಾಲರ್‌ಶಿಪ್ ಇಲ್ಲದಿದ್ದರೆ ರಿಕ್ರೂಟ್ ಯಾಕೆ ಮಾಡುತ್ತಾರೆ

ಎರಡು ಬಗೆಯ ಕಾಲೇಜುಗಳಿವೆ, ಎರಡಕ್ಕೂ ಕಾರಣ ಬೇರೆ ಬೇರೆ.

ಮೊದಲನೆಯದು, ಸೀಟು ಸಿಗುವುದೇ ಕಷ್ಟವಾದ ಕಾಲೇಜುಗಳು. ಎರಡು ಸಾವಿರ ವಿದ್ಯಾರ್ಥಿಗಳಿರುವ ಕಾಲೇಜು 30 ತಂಡ ನಡೆಸಬೇಕಾದರೆ ಪ್ರತಿ ವರ್ಷ ನೂರಾರು ಆಟಗಾರರು ಬೇಕೇ ಬೇಕು. ಅವರು ತಾವಾಗಿ ಬರಲಿ ಅಂತ ಕಾದು ಕೂತರೆ ಒಂದು ವರ್ಷ ಗೋಲ್‌ಕೀಪರ್ ನಾಲ್ವರು ಬರುತ್ತಾರೆ, ಇನ್ನೊಂದು ವರ್ಷ ಒಬ್ಬರೂ ಇಲ್ಲ. ಅದಕ್ಕೆ ಅಡ್ಮಿಷನ್ ಆಫೀಸು ಕೋಚ್ ಮಾತು ಕೇಳುತ್ತದೆ.

ಎರಡನೆಯದು, ಸೀಟು ತುಂಬುವುದೇ ಕಷ್ಟವಾದ ಕಾಲೇಜುಗಳು. ಇವು ಫೀಸಿನ ಮೇಲೆ ನಡೆಯುತ್ತವೆ. ಹೊಸ ಆಟ ಶುರು ಮಾಡಿದರೆ ಅದರ ಜೊತೆ ಫೀಸು ಕಟ್ಟುವ 30 ಮಕ್ಕಳು ಬರುತ್ತಾರೆ. ಅಲ್ಲಿನ ಕೋಚ್‌ಗೆ ಪಂದ್ಯ ಗೆಲ್ಲುವುದಷ್ಟೇ ಅಲ್ಲ, ‘ಈ ವರ್ಷ ಇಷ್ಟು ಜನರನ್ನು ತರಬೇಕು’ ಎಂಬ ಗುರಿಯೂ ಇರಬಹುದು. ಇಂಥ ಕಾಲೇಜಿನ ಕೋಚ್ ವಾರಕ್ಕೆ ಮೂರು ಮೆಸೇಜ್ ಕಳಿಸಿದರೆ ಮಗು ಖುಷಿಪಡುತ್ತದೆ. ಖುಷಿಪಡಲಿ. ಆದರೆ ತಂಡದ ಪಟ್ಟಿಯಲ್ಲಿ ಎಷ್ಟು ಜನ ಇದ್ದಾರೆ, ಅದರಲ್ಲಿ ಎಷ್ಟು ಜನ ನಿಜವಾಗಿ ಕಣಕ್ಕೆ ಇಳಿಯುತ್ತಾರೆ ಎಂಬುದನ್ನು ದೊಡ್ಡವರು ನೋಡಬೇಕು. ಈ ಎರಡು ಲೆಕ್ಕವೂ ಕಾಲೇಜಿನ ವೆಬ್‌ಸೈಟಿನಲ್ಲೇ ಸಿಗುತ್ತವೆ.

ಕೋಚ್ ಮಾತಿನ ತೂಕ

ಇದು ಇಡೀ ವಿಷಯದ ಮುಖ್ಯ ಭಾಗ.

ಕರ್ನಾಟಕದ ಸಿಇಟಿಯ ಸ್ಪೋರ್ಟ್ಸ್ ಕೋಟಾ ನಮಗೆಲ್ಲ ಗೊತ್ತು. ಸರ್ಟಿಫಿಕೇಟ್ ಸಲ್ಲಿಸುತ್ತೇವೆ, ಅದರ ಮೇಲೆ ಪಟ್ಟಿ ಆಗುತ್ತದೆ, ಪಟ್ಟಿಯ ಪ್ರಕಾರ ಸೀಟು. ಯಾವ ಕೋಚ್‌ಗೂ ನಮ್ಮ ಮಗು ಇಷ್ಟ ಆಗಬೇಕಾಗಿಲ್ಲ. ಅಮೆರಿಕದ ಸಣ್ಣ ಕಾಲೇಜಿನಲ್ಲಿ ಪೂರ್ತಿ ಉಲ್ಟಾ. ಮೆಡಲ್, ಸರ್ಟಿಫಿಕೇಟ್ ಎಷ್ಟೇ ಇರಲಿ, ಕೋಚ್ ‘ಇವಳು ನನ್ನ ತಂಡಕ್ಕೆ ಬೇಕು’ ಅನ್ನದಿದ್ದರೆ ಅದು ಅರ್ಜಿಯಲ್ಲಿ ಒಂದು ಸಾಲು ಅಷ್ಟೇ. ಕೋಚ್ ಹೇಳಿದರೆ ಆ ಅರ್ಜಿಯನ್ನು ಓದುವ ರೀತಿಯೇ ಬದಲಾಗುತ್ತದೆ.

ಹೇಗೆ ನಡೆಯುತ್ತದೆ ಅಂದರೆ, 11ನೇ ಕ್ಲಾಸ್ ಮುಗಿದ ಮೇಲೆ, ಸಾಮಾನ್ಯವಾಗಿ ಜುಲೈನಿಂದ, ಕೋಚ್ ತನಗೆ ನಿಜವಾಗಿ ಬೇಕಾದ ಮಕ್ಕಳ ಮಾರ್ಕ್ಸ್, 12ನೇ ಕ್ಲಾಸಿನ ವಿಷಯಗಳು, ಎಸ್‌ಎಟಿ (ಕಾಲೇಜು ಪ್ರವೇಶದ ಪರೀಕ್ಷೆ) ಬರೆದಿದ್ದರೆ ಅದರ ಸ್ಕೋರು ತರಿಸಿಕೊಂಡು ಅಡ್ಮಿಷನ್ ಆಫೀಸಿಗೆ ಕೊಡುತ್ತಾನೆ. ಅವರು ನೋಡಿ ‘ಆಗಬಹುದು’, ‘ಕಷ್ಟ’, ‘ಬೇಡ’ ಅಂತ ಮುನ್ಸೂಚನೆ ಕೊಡುತ್ತಾರೆ. ಇದಕ್ಕೆ ‘ಪ್ರಿ-ರೀಡ್’ ಅನ್ನುತ್ತಾರೆ. ಇದು ಸೀಟಿನ ಭರವಸೆ ಅಲ್ಲ. ಆದರೂ ಒಳ್ಳೆ ಉತ್ತರ ಬಂದು, ಕೋಚ್ ಪೂರ್ತಿ ಬೆಂಬಲ ಕೊಡುತ್ತೇನೆ ಅಂದರೆ ಅದರ ಬೆಲೆ ಬಹಳ ದೊಡ್ಡದು. ನೆಸ್ಕ್ಯಾಕ್ ಎಂಬ 11 ಕಾಲೇಜುಗಳ ಗುಂಪಿನಲ್ಲಿ (ವಿಲಿಯಮ್ಸ್, ಆಮ್ಹರ್ಸ್ಟ್, ಬೋಡನ್, ಮಿಡಲ್‌ಬರಿ ಇತ್ಯಾದಿ) ಪ್ರತಿ ತಂಡಕ್ಕೂ ಇಂಥ ಬೆಂಬಲದ ಸೀಟುಗಳು ಎಣಿಸಿಟ್ಟಷ್ಟೇ ಇರುತ್ತವೆ. ಎಂಐಟಿಯಂಥ ಕಡೆ ಕೋಚ್ ಶಿಫಾರಸು ಮಾಡಬಹುದು, ಅದಕ್ಕಿಂತ ಹೆಚ್ಚು ಕೈ ಓಡುವುದಿಲ್ಲ. ಅಂದರೆ ಕೋಚ್ ಅದೇ ಮಾತು ಹೇಳಿದರೂ ಕಾಲೇಜಿನಿಂದ ಕಾಲೇಜಿಗೆ ತೂಕ ಬೇರೆ. ಹಾಗಾಗಿ ಮಗು ಕೋಚ್‌ಗೆ ಕೇಳಬೇಕಾದ ಪ್ರಶ್ನೆ ಇದು: ‘ನೀವು ಬೆಂಬಲಿಸಿದ ಮಕ್ಕಳಲ್ಲಿ ಕಳೆದ ವರ್ಷ ಎಷ್ಟು ಜನಕ್ಕೆ ಸೀಟು ಸಿಕ್ಕಿತು?’ ಇದು ಉದ್ಧಟತನ ಅಲ್ಲ. ಕೋಚ್‌ಗಳಿಗೆ ಈ ಪ್ರಶ್ನೆ ಹೊಸದೂ ಅಲ್ಲ.

ಕೋಚ್ ಬಳಸುವ ಮಾತುಗಳಲ್ಲೂ ವ್ಯತ್ಯಾಸ ಗಮನಿಸಿ. ‘ನೀನು ಅಪ್ಲೈ ಮಾಡಿದರೆ ನಮಗೆ ಖುಷಿ’ ಅಂದರೆ ಬಹುತೇಕ ಏನೂ ಇಲ್ಲ. ‘ಅಡ್ಮಿಷನ್ ಸಿಕ್ಕಿದರೆ ತಂಡದಲ್ಲಿ ಜಾಗ ಇದೆ’ ಅಂದರೆ ಸೀಟು ನೀನೇ ಗಿಟ್ಟಿಸಿಕೋ ಅಂತ. ‘ಮಾರ್ಕ್ಸ್ ಕಳಿಸು, ಪ್ರಿ-ರೀಡ್ ಮಾಡಿಸೋಣ’ ಅಂದಾಗ ಮಾತು ನಿಜವಾಗಿ ಶುರುವಾಯಿತು.

ಬೆಂಬಲಕ್ಕೆ ಪ್ರತಿಯಾಗಿ ಕೋಚ್ ಒಂದು ಕೇಳುತ್ತಾನೆ: ‘ಅರ್ಲಿ ಡಿಸಿಷನ್’ನಲ್ಲಿ ಅರ್ಜಿ ಹಾಕು. ನವೆಂಬರ್ ಆಸುಪಾಸಿನಲ್ಲಿ ಒಂದೇ ಕಾಲೇಜಿಗೆ ಹಾಕುವ ಅರ್ಜಿ ಇದು. ಸೀಟು ಸಿಕ್ಕಿದರೆ ಸೇರಲೇಬೇಕು ಅಂತ ಮಗು, ಅಪ್ಪ ಅಥವಾ ಅಮ್ಮ, ಶಾಲೆಯ ಕೌನ್ಸಿಲರ್ ಮೂವರೂ ಸಹಿ ಹಾಕಬೇಕು. ಸಿಗುವ ಹಣಕಾಸಿನ ನೆರವಿನಲ್ಲಿ ಖರ್ಚು ನಿಭಾಯಿಸಲು ಆಗುವುದೇ ಇಲ್ಲ ಅನ್ನುವ ಸಂದರ್ಭದಲ್ಲಿ ಮಾತ್ರ ಬಿಡಿಸಿಕೊಳ್ಳಬಹುದು. ಹಾಗಾಗಿ ಸಹಿಗೆ ಮುಂಚೆ ದುಡ್ಡಿನ ಲೆಕ್ಕ ಮುಗಿದಿರಬೇಕು.

ದುಡ್ಡು ಎಲ್ಲಿಂದ ಬರುತ್ತದೆ

ದೊಡ್ಡ ಹೆಸರಿನ ಖಾಸಗಿ ಕಾಲೇಜುಗಳಲ್ಲಿ ವರ್ಷದ ಪೂರ್ತಿ ಖರ್ಚು 80 ಸಾವಿರ ಡಾಲರ್ ದಾಟಿದೆ. ನೋಡಿದ ತಕ್ಷಣ ಎದೆ ಝಲ್ ಅನ್ನುತ್ತದೆ. ಆದರೆ ಎಷ್ಟೋ ಮನೆಗಳು ಅಷ್ಟು ಕಟ್ಟುವುದಿಲ್ಲ.

ಡಿ3ರಲ್ಲಿ ಹಣ ಎರಡು ದಾರಿಯಲ್ಲಿ ಬರುತ್ತದೆ. ಮನೆಯ ಆದಾಯ, ಆಸ್ತಿ ನೋಡಿ ಕೊಡುವ ನೆರವು ಒಂದು. ಓದಿನ ಸಾಧನೆ ನೋಡಿ ಕೊಡುವ ಮೆರಿಟ್ ಸ್ಕಾಲರ್‌ಶಿಪ್ ಇನ್ನೊಂದು. ವಿಲಿಯಮ್ಸ್, ಆಮ್ಹರ್ಸ್ಟ್‌ನಂಥ ಶ್ರೀಮಂತ ಕಾಲೇಜುಗಳು ಮೊದಲನೆಯದನ್ನು ಮಾತ್ರ ಕೊಡುತ್ತವೆ, ಕೊಟ್ಟರೆ ಧಾರಾಳವಾಗಿ ಕೊಡುತ್ತವೆ. ವಿಲಿಯಮ್ಸ್ 2022ರಿಂದ ನೆರವಿನಲ್ಲಿ ಸಾಲವನ್ನೇ ತೆಗೆದುಹಾಕಿದೆ. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿರುವ ಮನೆಗೆ ಅಲ್ಲಿ ಬಹುಶಃ ಏನೂ ಸಿಗುವುದಿಲ್ಲ. ಅಂಥವರಿಗೆ ಮೆರಿಟ್ ಹಣ ಕೊಡುವ ಕೆನ್ಯನ್, ಡೆನಿಸನ್ ತರದ ಕಾಲೇಜುಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಇಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಡಿ3 ಕಾಲೇಜು ನೆರವು ನಿರ್ಧರಿಸುವಾಗ ಮಗುವಿನ ಆಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಆಟಗಾರರಿಗೂ ಉಳಿದವರಿಗೂ ಕೊಟ್ಟ ನೆರವಿನ ಲೆಕ್ಕವನ್ನು ಎನ್‌ಸಿಎಎಗೆ ಒಪ್ಪಿಸಬೇಕು. ‘ನಾನು ನಿಮಗೆ ಇಷ್ಟು ಹಣ ಕೊಡಿಸುತ್ತೇನೆ’ ಅಂತ ಡಿ3 ಕೋಚ್ ಹೇಳಿದರೆ ಅದು ಅವನ ಕೈಯಲ್ಲಿ ಇಲ್ಲದ ಮಾತು. ಇದೇ ನಿಯಮದಿಂದ ಒಂದು ಒಳ್ಳೆಯದೂ ಇದೆ. ಎರಡನೇ ವರ್ಷ ಮಂಡಿ ಕೆಟ್ಟು ಆಟ ಬಿಟ್ಟರೂ, ಲ್ಯಾಬ್ ಕೆಲಸ ಜಾಸ್ತಿಯಾಗಿ ತಾನೇ ಬಿಟ್ಟರೂ ನೆರವು ನಿಲ್ಲುವುದಿಲ್ಲ. ಡಿ2 ಮತ್ತು ಎನ್‌ಎಐಎಯಲ್ಲಿ ಆಟಕ್ಕೆಂದು ಕೊಟ್ಟ ಹಣಕ್ಕೆ ಈ ರಕ್ಷಣೆ ಇಲ್ಲ.

ಕಾಲೇಜುಗಳ ವೆಬ್‌ಸೈಟಿನಲ್ಲಿ ‘ನೆಟ್ ಪ್ರೈಸ್ ಕ್ಯಾಲ್ಕುಲೇಟರ್’ ಇರುತ್ತದೆ. ಸರ್ಕಾರದ ವಿದ್ಯಾರ್ಥಿ ನೆರವು ಪಡೆಯುವ ಕಾಲೇಜುಗಳಿಗೆ 2011ರಿಂದ ಇದು ಕಡ್ಡಾಯ. ಮನೆಯ ಲೆಕ್ಕ ತುಂಬಿದರೆ ನಿಮಗೆ ಅಂದಾಜು ಎಷ್ಟು ಬೀಳುತ್ತದೆ ಅಂತ ಹೇಳುತ್ತದೆ. ಕೋಚ್‌ಗೆ ಮೊದಲ ಮೆಸೇಜ್ ಹೋಗುವ ಮುಂಚೆಯೇ ಇದನ್ನು ನೋಡುವುದು ಒಳ್ಳೆಯದು.

ವೀಸಾದ ವಿಷಯ ನಮ್ಮವರಿಗೆ ಮುಖ್ಯ. ಎಚ್-4 ವೀಸಾದಲ್ಲಿರುವ (ಎಚ್-1ಬಿ ಕೆಲಸಗಾರರ ಕುಟುಂಬಕ್ಕೆ ಕೊಡುವ ವೀಸಾ) ಮಕ್ಕಳಿಗೆ ಅಮೆರಿಕ ಸರ್ಕಾರದ ನೆರವು ಸಿಗುವುದಿಲ್ಲ. ಅದಕ್ಕೆ ಪೌರತ್ವ, ಗ್ರೀನ್ ಕಾರ್ಡ್ ಅಥವಾ ಅಂಥ ಅರ್ಹತೆ ಬೇಕು. ಅಮೆರಿಕದಲ್ಲೇ ಒಂದನೇ ಕ್ಲಾಸಿನಿಂದ ಓದಿದ್ದರೂ ಎಷ್ಟೋ ಕಾಲೇಜುಗಳು ಇವರನ್ನು ವಿದೇಶಿ ವಿದ್ಯಾರ್ಥಿಗಳ ಪಟ್ಟಿಗೇ ಹಾಕುತ್ತವೆ. 21 ತುಂಬಿದರೆ ಎಚ್-4 ಕೂಡ ಮುಗಿಯುತ್ತದೆ, ಕಾಲೇಜಿನ ನಡುವೆಯೇ ವೀಸಾ ಬದಲಾಯಿಸಬೇಕು. ಇದನ್ನು ಕೋಚ್‌ಗೆ ಮೊದಲೇ ಹೇಳಿದರೆ ಅಡ್ಮಿಷನ್ ಆಫೀಸಿನಿಂದ ಸರಿಯಾದ ಉತ್ತರ ಬರುತ್ತದೆ. ಇನ್ನು ಭಾರತದಿಂದ ನೇರವಾಗಿ ಡಿ3ಗೆ ಹೋಗುವವರು ತಾವು ವೃತ್ತಿಪರ ಆಟಗಾರರಲ್ಲ ಅಂತ ಎನ್‌ಸಿಎಎಯಿಂದ ಪ್ರಮಾಣಪತ್ರ ಪಡೆಯಬೇಕು. 2023ರಿಂದ ಬಂದ ನಿಯಮ ಇದು.

ಮೊದಲ ಇಮೇಲ್

ದೊಡ್ಡ ಕೋಚ್‌ಗಳ ಹಾಗೆ ಸಣ್ಣ ಕಾಲೇಜಿನವರ ಹತ್ರ ದೇಶ ಸುತ್ತಲು ಜನ, ಹಣ ಇರುವುದಿಲ್ಲ. ಯಾರೋ ಬಂದು ನೋಡಿ ಆರಿಸಿಕೊಂಡು ಹೋಗುತ್ತಾರೆ ಅಂತ ಕಾಯುವುದರಲ್ಲಿ ಅರ್ಥ ಇಲ್ಲ. ಮಗುವೇ ಬರೆಯಬೇಕು.

ಇಮೇಲ್‌ನ ವಿಷಯದ ಸಾಲಿನಲ್ಲೇ ಕೋಚ್‌ಗೆ ಬೇಕಾದ್ದು ಇರಲಿ. ಉದಾಹರಣೆಗೆ: ‘2027ರ ಬ್ಯಾಚ್, 100 ಬ್ರೆಸ್ಟ್‌ಸ್ಟ್ರೋಕ್ 59.8, ಜಿಪಿಎ 3.8’. ಒಳಗೆ ನಾಲ್ಕೈದು ಸಾಲು ಸಾಕು. ಯಾವ ಶಾಲೆ, ಯಾವ ಕ್ಲಬ್, ಏನು ಓದಬೇಕು ಅಂತಿದ್ದೇನೆ, ಈ ಕಾಲೇಜೇ ಯಾಕೆ, ಮುಂದಿನ ಸ್ಪರ್ಧೆ ಯಾವಾಗ. ಕ್ಲಬ್ ಕೋಚ್‌ನ ಫೋನ್ ನಂಬರ್ ಕೊನೆಗೆ. ಫುಟ್‌ಬಾಲ್, ವಾಲಿಬಾಲ್ ತರದ ಆಟಕ್ಕೆ ಎರಡು ಮೂರು ನಿಮಿಷದ ವಿಡಿಯೊ, ಅದರಲ್ಲಿ ಒಳ್ಳೆ ತುಣುಕು ಮೊದಲು. ಈಜು, ಓಟಕ್ಕೆ ವಿಡಿಯೊ ಬೇಕಾಗಿಲ್ಲ, ಟೈಮಿಂಗ್ ಸಾಕು.

ಭಾರತದಿಂದ ಬರೆಯುವ ಈಜುಗಾರರು ಒಂದು ಗಮನಿಸಬೇಕು. ನಮ್ಮ ಟೈಮಿಂಗ್ ಮೀಟರ್ ಪೂಲಿನದು, ಅಮೆರಿಕದ ಕಾಲೇಜುಗಳು ಈಜುವುದು 25 ಗಜದ ಪೂಲಿನಲ್ಲಿ. 100 ಗಜ ಅಂದರೆ 91.44 ಮೀಟರ್. ಯಾವ ಪೂಲಿನ ಟೈಮಿಂಗ್ ಅಂತ ಬರೆಯದಿದ್ದರೆ ಕೋಚ್ ಅದನ್ನು ಗಜದ್ದು ಅಂದುಕೊಂಡು, ‘ನಿಧಾನ’ ಅಂತ ಪಕ್ಕಕ್ಕಿಟ್ಟುಬಿಡಬಹುದು. ಟೆನಿಸ್‌ನವರಿಗೆ 1ರಿಂದ 16.5ರವರೆಗಿನ ಯುಟಿಆರ್ ರೇಟಿಂಗ್ ಇದೆ. ಕಾಲೇಜಿನ ಈಗಿನ ತಂಡದವರ ಯುಟಿಆರ್ ನೋಡಿದರೆ ತಾನು ಎಲ್ಲಿ ನಿಲ್ಲುತ್ತೇನೆ ಅಂತ ಐದು ನಿಮಿಷದಲ್ಲಿ ತಿಳಿಯುತ್ತದೆ. ಈಜು, ಓಟದವರೂ ಹಾಗೇ: ಆ ಕಾಲೇಜು ಯಾವ ಗುಂಪಿನಲ್ಲಿ (ಕಾನ್ಫರೆನ್ಸ್) ಆಡುತ್ತದೋ ಅದರ ಚಾಂಪಿಯನ್‌ಶಿಪ್ ಫಲಿತಾಂಶ ತೆಗೆದು, 16ನೇ ಸ್ಥಾನದ ಟೈಮಿಂಗ್ ನೋಡಿ. ಅದರ ಹತ್ತಿರ ಇದ್ದರೆ ಬರೆಯಬಹುದು.

ಅಪ್ಪ ಅಮ್ಮ ಮಗುವಿನ ಹೆಸರಲ್ಲಿ ಇಮೇಲ್ ಬರೆಯುವುದು ಕೋಚ್‌ಗಳಿಗೆ ಎರಡನೇ ಸಾಲಿನಲ್ಲೇ ಗೊತ್ತಾಗುತ್ತದೆ. ಫೋನಿನಲ್ಲೂ ಮಗುವೇ ಮಾತಾಡಲಿ. ದೊಡ್ಡವರ ಕೆಲಸ ಲೆಕ್ಕಪತ್ರ, ಗಾಡಿ ಓಡಿಸುವುದು, ಅಡುಗೆ. ಅದೇ ಸಾಕಷ್ಟಿದೆ.

ಇಮೇಲ್ ಕಳಿಸಿದ ಮೇಲೆ ಬರುವ ಮೊದಲ ಉತ್ತರ ಬಹುಶಃ ಕ್ಯಾಂಪಿನ ಆಹ್ವಾನ. ಹೆಸರು ಹಾಕಿ, ‘ನಿನ್ನನ್ನು ನೋಡಬೇಕು’ ಅಂತ ಬರೆದಿರುತ್ತಾರೆ. ಅಂಥದ್ದು ನೂರಾರು ಮಕ್ಕಳಿಗೆ ಹೋಗಿರುತ್ತದೆ, ಕ್ಯಾಂಪಿನ ಫೀಸು ಆದಾಯವೂ ಹೌದು. ಕೋಚ್ ಜೊತೆ ಆಗಲೇ ಮಾತುಕತೆ ನಡೆದಿದ್ದರೆ ಕ್ಯಾಂಪಿಗೆ ಹೋಗುವುದರಲ್ಲಿ ಅರ್ಥ ಇದೆ. ಸಾವಿರಾರು ಡಾಲರ್ ಕೇಳುವ ರಿಕ್ರೂಟಿಂಗ್ ಸರ್ವಿಸ್‌ಗಳೂ ಇವೆ. ಅವರು ಮಾಡುವುದನ್ನು, ಅಂದರೆ ಪಟ್ಟಿ ಮಾಡಿ ಇಮೇಲ್ ಕಳಿಸುವುದನ್ನು, ಮಗು ಒಂದು ಸ್ಪ್ರೆಡ್‌ಶೀಟ್ ಇಟ್ಟುಕೊಂಡು ತಾನೇ ಮಾಡಬಹುದು.

ಯಾವಾಗ ಶುರು ಮಾಡಬೇಕು

ಡಿ3 ಕೋಚ್‌ಗಳು ಇಮೇಲ್, ಫೋನ್, ಮೆಸೇಜ್‌ಗೆ ಯಾವಾಗ ಬೇಕಾದರೂ ಉತ್ತರ ಕೊಡಬಹುದು. ಕ್ಯಾಂಪಸ್ ಹೊರಗೆ ಭೇಟಿಯಾಗಲು 10ನೇ ಕ್ಲಾಸ್ ಮುಗಿದಿರಬೇಕು. ಕಾಲೇಜಿನ ಖರ್ಚಿನಲ್ಲಿ ಹೋಗಿ ಉಳಿಯುವ ಭೇಟಿ 11ನೇ ಕ್ಲಾಸಿನ ಜನವರಿ 1ರಿಂದ. ಡಿ2 ಕೋಚ್‌ಗಳು ಫೋನಿನಲ್ಲಿ ಮಾತಾಡುವುದು 10ನೇ ಕ್ಲಾಸ್ ಮುಗಿದ ಜೂನ್ 15ರಿಂದ. ಡಿ3ರಲ್ಲಿ ಬಿಸಿ ಹೆಚ್ಚುವುದು 11ನೇ ಕ್ಲಾಸಿನ ವಸಂತದಿಂದ. 9ನೇ ಕ್ಲಾಸಿನ ಮಗುವಿನ ಮೇಲೆ ಒತ್ತಡ ಹಾಕುವ ಅಗತ್ಯ ಇಲ್ಲ. ಆ ವಯಸ್ಸಿನಲ್ಲಿ ಮಾರ್ಕ್ಸ್ ಚೆನ್ನಾಗಿರಲಿ, ಸಾಕು. ಡಿ3ರಲ್ಲಿ ಪ್ರಿ-ರೀಡ್ ದಾಟಿಸುವುದು ಅದೇ.

ಕಾಲೇಜು ಉಳಿದಿರುತ್ತಾ?

ಸಣ್ಣ ಕಾಲೇಜಿನ ಮಟ್ಟಿಗೆ ಈ ಪ್ರಶ್ನೆಯನ್ನೂ ಕೇಳಬೇಕಾದ ಕಾಲ ಇದು. ಅಲಬಾಮಾದ ಬರ್ಮಿಂಗ್‌ಹ್ಯಾಮ್-ಸದರ್ನ್ ಕಾಲೇಜು ಹಣದ ಕೊರತೆಯಿಂದ 2024ರ ಮೇ 31ರಂದು ಬಾಗಿಲು ಹಾಕಿತು. ಅದೇ ದಿನ ಅದರ ಬೇಸ್‌ಬಾಲ್ ತಂಡ ಒಹಾಯೊದಲ್ಲಿ ಡಿ3 ವರ್ಲ್ಡ್ ಸೀರೀಸ್ ಆಡುತ್ತಿತ್ತು. ತಂಡ ಎಷ್ಟು ಚೆನ್ನಾಗಿದ್ದರೂ ಕಾಲೇಜು ಗಟ್ಟಿ ಅಂತ ಅರ್ಥ ಅಲ್ಲ. ಐದು ವರ್ಷದಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಇಳಿದಿದೆಯಾ, ವಿಭಾಗಗಳನ್ನು ಮುಚ್ಚಿದ್ದಾರಾ, ಮಗುವಿಗೆ ಬೇಕಾದ ವಿಷಯದಲ್ಲಿ ಎಷ್ಟು ಜನ ಮೇಷ್ಟ್ರು ಉಳಿದಿದ್ದಾರೆ ಅಂತ ನೋಡಿ. ಕೋಚ್ ಬಿಟ್ಟು ಹೋದರೂ, ಆಟ ನಿಂತರೂ ಇದೇ ಕಾಲೇಜಿನಲ್ಲಿ ನಾಲ್ಕು ವರ್ಷ ಓದುತ್ತೀಯಾ ಅಂತ ಮಗುವಿಗೂ ಕೇಳಿ.

ಕೊನೆಗೆ ಕಾಗದದ ವಿಷಯ. ಡಿ3ರಲ್ಲಿ ಆಟಕ್ಕೆ ಸಂಬಂಧಿಸಿ ಕಟ್ಟಿಹಾಕುವ ಯಾವ ಒಪ್ಪಂದವೂ ಇಲ್ಲ. ಹೈಸ್ಕೂಲಿನಲ್ಲಿ ಟೇಬಲ್ ಹಾಕಿ, ಟೋಪಿ ಇಟ್ಟು, ಸಹಿ ಮಾಡಿಸಿ ಫೋಟೊ ತೆಗೆಯುವುದು ಸಂಭ್ರಮಕ್ಕೆ ಅಷ್ಟೇ. ಕೋಚ್ ಬಾಯಿಮಾತಲ್ಲಿ ‘ನೀನು ನಮ್ಮವಳು’ ಅಂದಿದ್ದೂ ಅಡ್ಮಿಷನ್ ಪತ್ರ ಅಲ್ಲ. ಅರ್ಲಿ ಡಿಸಿಷನ್ ಫಲಿತಾಂಶ ಡಿಸೆಂಬರ್ ಮಧ್ಯಕ್ಕೆ ಬರುತ್ತದೆ, ಉಳಿದ ಕಾಲೇಜುಗಳ ಅರ್ಜಿಗೆ ಕೊನೆ ದಿನ ಜನವರಿ ಮೊದಲ ವಾರದ ಆಸುಪಾಸು. ನಡುವೆ ಇರುವುದು ಎರಡೇ ವಾರ, ಅದೂ ರಜೆಯಲ್ಲಿ. ಹಾಗಾಗಿ ಬೇರೆ ಕಾಲೇಜುಗಳ ಪ್ರಬಂಧಗಳನ್ನು ನವೆಂಬರ್‌ನಲ್ಲೇ ಬರೆದಿಟ್ಟುಕೊಂಡಿರಿ.